ಹಳೆಯ ಸ್ಪೋರ್ಟ್ಸ್ ಕಾರಿಗೆ ಗಟ್ಟಿ ಹಬ್, ಗಟ್ಟಿ ಡ್ರೈವ್‌ಶಾಫ್ಟ್: ದುಡ್ಡು ಬಿಚ್ಚುವ ಮೊದಲು ಚಕ್ರ ಬಿಚ್ಚಿ

ಆಟಿ ತಿಂಗಳಲ್ಲಿ ನಮ್ಮ ಕಡೆ ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ. ಮದುವೆ ಇಲ್ಲ, ಒಕ್ಕಲು ಇಲ್ಲ. ಆದರೆ ಹಳೆಯ ಕಾರು ಸಾಕುವವರಿಗೆ ಇದರಷ್ಟು ಒಳ್ಳೆಯ ಸಮಯ ಬೇರೆ ಇಲ್ಲ. ಹೊರಗೆ ಮಳೆ ಬಿಡುವುದಿಲ್ಲ, ಕಾರು ಹೇಗೂ ಶೆಡ್ಡು ಬಿಟ್ಟು ಕದಲುವುದಿಲ್ಲ. ಈಗ ಬಿಚ್ಚಿಟ್ಟರೆ ಆಯುಧಪೂಜೆಗೆ ಜೋಡಿಸಿ ನಿಂಬೆಹಣ್ಣಿನ ಮೇಲೆ ಓಡಿಸಬಹುದು.

ನನ್ನದು 1972ರ ಟ್ರಯಂಫ್ ಟಿಆರ್6. ನೈರೋಬಿಯಲ್ಲಿ ಕೆಲಸಕ್ಕಿದ್ದ ಸೋದರಮಾವ ಊರಿಗೆ ವಾಪಸಾಗುವಾಗ ಹಡಗಿನಲ್ಲಿ ತಂದ ಕಾರು. ಈಗ ಉಡುಪಿಯ ಸಂತೆಕಟ್ಟೆಯಲ್ಲಿ, ನಮ್ಮ ಮನೆ ಪಕ್ಕದ ಶೆಡ್ಡಿನಲ್ಲಿ ಉಂಟು. ಮೂರು ವರ್ಷದ ಹಿಂದೆ ಒಂದು ಭಾನುವಾರ ಹೆಬ್ರಿ ದಾಟಿ ಆಗುಂಬೆ ಕಡೆ ಹೊರಟಿದ್ದೆ. ಸೋಮೇಶ್ವರ ಮುಟ್ಟುವ ಮೊದಲೇ ಎಡಗಡೆ ಹಿಂದಿನಿಂದ ‘ಟಕ್’ ಅಂತ ಶಬ್ದ. ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ. ಘಾಟಿ ಹತ್ತದೆ ತಿರುಗಿ ಬಂದೆ. ಗ್ಯಾರೇಜಿನಲ್ಲಿ “ಕ್ರಾಸ್ ಹೋಗಿದೆ ಮಾರಾಯ್ರೆ, ಬೇರೆ ಎಂತ ಇಲ್ಲ” ಅಂದರು. ಕ್ರಾಸ್ ಅಂದರೆ ಶಾಫ್ಟ್ ಓರೆಯಾದರೂ ತಿರುಗಲು ಬಿಡುವ, ಪ್ಲಸ್ ಆಕಾರದ ಕೀಲು. ಹೊಸ ಕ್ರಾಸ್ ಹಾಕಿಸಿದೆ. ಶಬ್ದ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಮನಸ್ಸು ಕೇಳದೆ, ಚಕ್ರವನ್ನು ಹಿಡಿದುಕೊಳ್ಳುವ ಹಬ್ ಬಿಚ್ಚಿಸಿದೆ. ಒಳಗೆ ತಿರುಗುವ ಗಿಡ್ಡ ದಂಡಾದ ಸ್ಟಬ್ ಆಕ್ಸಲ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ಅದು ತುಂಡಾಗಿದ್ದರೆ ಚಕ್ರ, ಡ್ರಮ್ ಎರಡೂ ನನ್ನನ್ನು ಬಿಟ್ಟು ಮುಂದೆ ಹೋಗುತ್ತಿದ್ದವು.

ಹಾಗಾಗಿ ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎರಡಕ್ಕೂ ದುಡ್ಡು ಸಾಲದಿದ್ದರೆ ಹಬ್ ಮೊದಲು, ಅದಕ್ಕೆ ಎಂಜಿನ್ನಿನ ಬಲ ತಲುಪಿಸುವ ಶಾಫ್ಟ್ ಆಮೇಲೆ. ಜಾಸ್ತಿ ಜನ ಮಾಡುವುದು ಉಲ್ಟಾ. ಶಾಫ್ಟ್ ಕಣ್ಣಿಗೆ ಕಾಣುತ್ತದೆ, ಹೊಳೆಯುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಹಬ್ ಡ್ರಮ್ಮಿನ ಹಿಂದೆ ಅಡಗಿ ಕೂತಿರುತ್ತದೆ. ಆದರೆ ಶಾಫ್ಟ್ ಹೋದರೆ ಹೆಚ್ಚಾಗಿ ಕಾರು ನಿಲ್ಲುತ್ತದೆ, ಹಬ್ ಮುರಿದರೆ ಚಕ್ರವೇ ಹೋಗುತ್ತದೆ.

ಮೊದಲು ನಿಮ್ಮ ಕಾರಿನ ಹಿಂಭಾಗ ಯಾವ ಜಾತಿಯದು ನೋಡಿ

ಅಂಬಾಸಿಡರ್, ಪದ್ಮಿನಿ, ಎಂಜಿಬಿ ಇವುಗಳಲ್ಲಿ ಹಿಂದೆ ಇಡೀ ಆಕ್ಸಲ್ ಒಂದೇ ತುಂಡು. ಶಾಫ್ಟ್ ಕೊಳವೆಯ ಒಳಗೆ ಇರುತ್ತದೆ. ಈ ಲೇಖನ ಅವುಗಳಿಗೆ ಅಲ್ಲ.

ಟ್ರಯಂಫ್ ಟಿಆರ್4ಎ 1965ರಲ್ಲಿ ಬಂತು. ಅಲ್ಲಿಂದ 1976ರವರೆಗಿನ ಟಿಆರ್6 ತನಕ ಹೆಚ್ಚುಕಮ್ಮಿ ಒಂದೇ ಲೆಕ್ಕ. ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೆ ಹಂಚುವ ಡಿಫರೆನ್ಶಿಯಲ್ ಚಾಸಿಗೆ ಬಿಗಿದಿರುತ್ತದೆ. ಎರಡೂ ಕಡೆಗೆ ಒಂದೊಂದು ಶಾಫ್ಟ್. ಶಾಫ್ಟಿನ ಎರಡು ತುದಿಗೂ ಯುಜೆ (ಯೂನಿವರ್ಸಲ್ ಜಾಯಿಂಟ್) ಕ್ರಾಸ್, ನಡುವೆ ಸ್ಪ್ಲೈನ್, ಅಂದರೆ ಉದ್ದುದ್ದ ಹಲ್ಲು ಕಡೆದ, ಒಂದರೊಳಗೊಂದು ಜಾರುವ ಜೋಡಣೆ. ಚಕ್ರ ಮೇಲೆ ಕೆಳಗೆ ಆಡುವಾಗ ಶಾಫ್ಟಿನ ಉದ್ದ ಬದಲಾಗಬೇಕಲ್ವಾ, ಅದಕ್ಕೆ ಆ ಸ್ಪ್ಲೈನ್. ಹೊರಗಿನ ತುದಿಯಲ್ಲಿ ಸ್ಟಬ್ ಆಕ್ಸಲ್ ಎಂಬ ಗಿಡ್ಡ ದಂಡು. ಅದು ಎರಡು ಟೇಪರ್ ರೋಲರ್ ಬೇರಿಂಗ್‌ಗಳ ನಡುವೆ ತಿರುಗುತ್ತದೆ. ಅದರ ಟೇಪರ್, ಅಂದರೆ ತುದಿಗೆ ಸಣ್ಣದಾಗುತ್ತಾ ಹೋಗುವ ಮೂತಿಗೆ ಹಬ್ಬಿನ ಫ್ಲಾಂಜ್ ಎಂಬ ತಟ್ಟೆ ಕೂರುತ್ತದೆ, ಕೀ ಎಂಬ ಸಣ್ಣ ಉಕ್ಕಿನ ತುಂಡು ಹಾಕಿ ನಟ್ಟಿನಿಂದ ಬಿಗಿದಿರುತ್ತದೆ. ಎಂಜಿನ್ ತಿರುಗಿಸುವ ಬಲವೂ ಆ ದಂಡಿನ ಮೇಲೆ, ಕಾರಿನ ಭಾರವೂ ಆ ದಂಡಿನ ಮೇಲೆ. 50 ವರ್ಷ.

ನಮ್ಮ ಸ್ಟ್ಯಾಂಡರ್ಡ್ ಹೆರಾಲ್ಡ್ ಬೇರೆ ಥರ. 1961ರಿಂದ ಮದ್ರಾಸಿನಲ್ಲಿ ತಯಾರಾದ ಕಾರು ಅದು, ಊರಲ್ಲಿ ಈಗಲೂ ಅಲ್ಲಲ್ಲಿ ಉಂಟು. ಅದಕ್ಕೂ ಟ್ರಯಂಫ್ ಸ್ಪಿಟ್‌ಫೈರ್‌ಗೂ ಹಿಂದಿನ ಕಟ್ಟುವಿಕೆ ಒಂದೇ ಕುಲದ್ದು. ಕ್ರಾಸ್ ಒಳಗಿನ ತುದಿಯಲ್ಲಿ ಮಾತ್ರ. ಹೊರಗಡೆ ಶಾಫ್ಟಿನ ಮೈ ಮೇಲೆಯೇ ನೀಡಲ್ ಬೇರಿಂಗ್ ಓಡುತ್ತದೆ. ಗ್ರೀಸ್ ಒಣಗಿದರೆ ಆ ಸೂಜಿಗಳು ಶಾಫ್ಟಿಗೆ ಗೀರು ಹಾಕುತ್ತವೆ. ಶಾಫ್ಟ್ ಮುರಿಯುವುದು ಅಲ್ಲೇ. ಇಲ್ಲಿ ಬೇರಿಂಗ್ ಮಾತ್ರ ಹೊಸತು ಹಾಕಿ ಶಾಫ್ಟ್ ಹಳೆಯದೇ ಇಟ್ಟರೆ ಸುಮ್ನೆ ದುಡ್ಡು ದಂಡ.

ಲೋಟಸ್ ಎಲಾನ್, 1968ರ ನಂತರದ ಜಿಟಿ6 ಮಾರ್ಕ್2, ವಿಟೆಸ್ ಮಾರ್ಕ್2 ಇವುಗಳಲ್ಲಿ ದಪ್ಪ ರಬ್ಬರ್ ಬಳೆ ಕಪ್ಲಿಂಗ್ ಇರುತ್ತದೆ. ರಬ್ಬರ್ ತೆಗೆದು ಸಿವಿ (ಓರೆಯಾದರೂ ಒಂದೇ ವೇಗದಲ್ಲಿ ತಿರುಗುವ) ಜಾಯಿಂಟ್ ಹಾಕಿಸಿಕೊಳ್ಳುವವರು ಬಹಳ. ತಪ್ಪಲ್ಲ. ಆದರೆ ಇಷ್ಟು ದಿನ ಕ್ಲಚ್ಚಿನ ಏಟನ್ನು ನುಂಗುತ್ತಿದ್ದದ್ದು ಆ ರಬ್ಬರ್. ಅದು ಹೋದ ಮೇಲೆ ಆ ಏಟು ನೇರ ಡಿಫರೆನ್ಶಿಯಲ್‌ಗೆ ಹೋಗುತ್ತದೆ.

ಜಾಗ್ವಾರ್ ಇ-ಟೈಪ್ ಇದ್ದವರು ಇಲ್ಲಿ ಒಂದು ನಿಮಿಷ ನಿಲ್ಲಿ. 1961ರ ಆ ವಿನ್ಯಾಸದಲ್ಲಿ ಡ್ರೈವ್‌ಶಾಫ್ಟೇ ಸಸ್ಪೆನ್ಷನ್‌ನ ಮೇಲಿನ ತೋಳು. ಚಕ್ರ ನೆಟ್ಟಗೆ ನಿಂತಿರುವುದೇ ಅದರಿಂದ. ಉದ್ದ ಬದಲಾಗುವ ಶಾಫ್ಟನ್ನು ಅಲ್ಲಿ ಹಾಕಲೇಬಾರದು. ಟಿಆರ್6ಗೆ ಹೊಂದುವ ಕಿಟ್ಟಿನ ಜಾಹೀರಾತು ನೋಡಿ ಜಾಗ್ವಾರ್‌ಗೂ ಅಂಥದ್ದೇ ಬೇಕು ಅಂತ ಹೊರಡಬೇಡಿ.

ಮುಂದಿನದೆಲ್ಲ ಮುಖ್ಯವಾಗಿ ಟಿಆರ್ ಲೆಕ್ಕದಲ್ಲಿ ಬರೆದದ್ದು. ಉಳಿದ ಕಾರಿನವರು ಹೊಂದಿಸಿಕೊಳ್ಳಬಹುದು.

ಶಬ್ದ ಹುಟ್ಟುವುದು ಎಲ್ಲಿ?

ಕಾರನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಇಡಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ನಮ್ಮ ಕೆಂಪುಕಲ್ಲಿನ ಅಂಗಳ ಮಳೆಗಾಲದಲ್ಲಿ ಮೆತ್ತಗಾಗಿರುತ್ತದೆ, ಜಾಕ್ ನಿಧಾನಕ್ಕೆ ಒಂದು ಕಡೆ ವಾಲುತ್ತದೆ. ಅಡಿಗೆ ದಪ್ಪ ಹಲಗೆ ಕೊಡಿ.

ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಆಡಿದರೆ ಬೇರಿಂಗ್ ಸಡಿಲ, ಇಲ್ಲವೇ ಟೇಪರ್ ಸಡಿಲ. ಆಮೇಲೆ ಶಾಫ್ಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಚಿ. ಕ್ರಾಸಿನ ತುದಿಯ ಬೇರಿಂಗ್ ಕ್ಯಾಪಿನ ಹತ್ತಿರ ಬೆರಳಿಟ್ಟರೆ ಸಡಿಲಿನ ಆಟ ಗೊತ್ತಾಗುತ್ತದೆ. ಅಲ್ಲಿ ಅರಿಶಿನ ಕುಂಕುಮ ಕಲಸಿದಂಥ ತುಕ್ಕಿನ ಪುಡಿ ಕಂಡರೆ ಆ ಕ್ರಾಸಿನ ಸೂಜಿಗಳ ಕಥೆ ಮುಗಿದಿದೆ. ಅಂಥದ್ದೇ ಕೆಂಪು ಪುಡಿ ಹಬ್ಬಿನ ನಟ್ಟಿನ ಸುತ್ತ ಕಂಡರೆ ಇನ್ನೂ ಕೆಟ್ಟದು. ಫ್ಲಾಂಜ್ ಟೇಪರ್ ಮೇಲೆ ಸಣ್ಣಗೆ ಉಜ್ಜಿಕೊಳ್ಳುತ್ತಿದೆ ಅಂತ ಅರ್ಥ.

ಇನ್ನೊಂದು ಜಾಗ ಉಂಟು, ಅದನ್ನು ಯಾರೂ ನೋಡುವುದಿಲ್ಲ. ಟಿಆರ್‌ಗಳಲ್ಲಿ ಡಿಫರೆನ್ಶಿಯಲ್ ಹಿಡಿದುಕೊಳ್ಳುವ ಚಾಸಿಯ ಬ್ರಾಕೆಟ್ ಬಿರುಕು ಬಿಡುತ್ತದೆ, ಅದರಲ್ಲೂ ಮುಂದಿನ ಬಲಗಡೆಯದು. ಆಗ ಬರುವುದೂ ಇದೇ ‘ಟಕ್’ ಶಬ್ದ. ಅದನ್ನು ನೋಡದೆ ಶಾಫ್ಟ್ ತರಿಸಿದರೆ ಹೊಸ ಶಾಫ್ಟ್ ಹಾಕಿದ ಮೇಲೂ ಟಕ್ ಅನ್ನುತ್ತಲೇ ಇರುತ್ತದೆ. ಟಾರ್ಚ್ ಹಿಡಿದು, ತಂತಿ ಬ್ರಷ್ಷಿನಲ್ಲಿ ಉಜ್ಜಿ ನೋಡಿ.

ಶಬ್ದ ಇಲ್ಲ, ಆದರೆ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟಾಗ ಕಾರಿನ ಬಾಲ ಒಮ್ಮೆ ಅಲ್ಲಾಡುತ್ತದೆಯೇ? ಅದು ಸ್ಪ್ಲೈನ್ ಕೆಲಸ. ಎಂಜಿನ್ ಎಳೆಯುವಾಗ ಸ್ಪ್ಲೈನ್ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ, ಜಾರುವುದಿಲ್ಲ. ಸಸ್ಪೆನ್ಷನ್ ಅರ್ಧದಲ್ಲಿ ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತದೆ. ಕಾಲು ತೆಗೆದ ಕೂಡಲೇ ಬಿಟ್ಟುಕೊಂಡು ಜಿಗಿಯುತ್ತದೆ. ಎಷ್ಟೋ ಸಲ ಸ್ಪ್ಲೈನ್ ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಿದರೆ ಅರ್ಧ ರೋಗ ಗುಣ. ಇದನ್ನು ಮಾಡಿ ನೋಡದೆ ಕಿಟ್ಟಿಗೆ ಹಣ ಹಾಕಬೇಡಿ.

ಬಿರುಕು ಹುಡುಕುವ ಕೆಲಸ

ಇಲ್ಲಿ ಆತುರ ಬೇಡ. ಫ್ಲಾಂಜನ್ನು ಟೇಪರ್‌ನಿಂದ ಎಳೆಯಲು ಸರಿಯಾದ ಪುಲ್ಲರ್ ಬೇಕು. ಮಾಮೂಲಿ ಎರಡು ಕಾಲಿನ ಪುಲ್ಲರ್ ಹಾಕಿದರೆ ಫ್ಲಾಂಜ್ ಬಾಗುತ್ತದೆ. ಸುತ್ತಿಗೆಯಿಂದ ಬಡಿದರೆ ಬೇರಿಂಗ್ ಹಾಳು. ನಾಲ್ಕೂ ಸ್ಟಡ್ ಹಿಡಿಯುವ ದಪ್ಪ ತಟ್ಟೆ ಮಾಡಿಸಿ, ಬೈಕಂಪಾಡಿ, ಯೆಯ್ಯಾಡಿ ಕಡೆಯ ಯಾವುದಾದರೂ ಒಳ್ಳೆಯ ವರ್ಕ್‌ಶಾಪಿನ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿಸಿ. ನಟ್ಟನ್ನು ಪೂರ್ತಿ ತೆಗೆಯಬೇಡಿ, ಎರಡು ಮೂರು ಸುತ್ತು ಬಿಟ್ಟಿರಲಿ. ಟೇಪರ್ ಬಿಡುವಾಗ ಕೋಲದ ಗರ್ನಾಲ್ ಸಿಡಿದ ಹಾಗೆ ಶಬ್ದ ಬರುತ್ತದೆ. ನಟ್ಟು ಇಲ್ಲದಿದ್ದರೆ ಫ್ಲಾಂಜ್ ಹಾರಿ ಯಾರ ಮೊಣಕಾಲಿಗೆ ಬೀಳುತ್ತದೆ ಹೇಳಲಾಗದು.

ಬಿಚ್ಚಿದ ಮೇಲೆ ಬರಿಗಣ್ಣನ್ನು ನಂಬಬೇಡಿ. ನಾನು ನಂಬಿದ್ದೆ. ದಂಡು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ವರ್ಕ್‌ಶಾಪಿನವರು ಮೂರು ಸ್ಪ್ರೇ ಡಬ್ಬಿ ತಂದರು. ವೆಲ್ಡಿಂಗ್ ತಪಾಸಣೆ ಮಾಡುವವರ ಹತ್ತಿರ ಇರುವಂಥದ್ದು: ಒಂದು ಕ್ಲೀನರ್, ಒಂದು ಕೆಂಪು ಬಣ್ಣ, ಒಂದು ಬಿಳಿ ಡೆವಲಪರ್. ಮೊದಲು ಕ್ಲೀನರ್ ಹೊಡೆದು ಗ್ರೀಸಿನ ಅಂಶ ಎಲ್ಲ ತೆಗೆದರು. ಮಳೆಗಾಲವಾದ್ದರಿಂದ ಹೇರ್ ಡ್ರೈಯರ್‌ನಿಂದ ಒಣಗಿಸಿದರು. ಬಿರುಕಿನೊಳಗೆ ನೀರಿನ ಪಸೆ ಇದ್ದರೆ ಬಣ್ಣ ಇಳಿಯುವುದಿಲ್ಲವಂತೆ. ಆಮೇಲೆ ಕೆಂಪು ಬಣ್ಣ ಹಾಕಿ ಕಾಲು ಗಂಟೆ ಬಿಟ್ಟೆವು. ಅಷ್ಟರಲ್ಲಿ ಒಂದು ಚಹಾ ಆಯಿತು. ಬಣ್ಣ ಒರೆಸುವಾಗ ಕ್ಲೀನರನ್ನು ದಂಡಿನ ಮೇಲೆ ನೇರ ಹೊಡೆಯಬಾರದು, ಬಟ್ಟೆಗೆ ಹಾಕಿ ಒರೆಸಬೇಕು. ಇಲ್ಲದಿದ್ದರೆ ಬಿರುಕಿನೊಳಗಿನ ಬಣ್ಣವೂ ತೊಳೆದು ಹೋಗುತ್ತದೆ. ಕೊನೆಗೆ ಬಿಳಿ ಪುಡಿ ಹೊಡೆದರು. ದಂಡು ಪೂರ್ತಿ ಬೆಳ್ಳಗಾಯಿತು.

ಒಂದು ನಿಮಿಷ ಏನೂ ಇಲ್ಲ. ಮತ್ತೆ ಕೀ ಕೂರುವ ಕಚ್ಚಿನ ತುದಿಯಿಂದ ಒಂದು ಕೆಂಪು ಗೆರೆ ಹೊರಗೆ ಬಂತು, ಬಿಳಿ ಮುಂಡಿಗೆ ವೀಳ್ಯದ ರಸ ತಾಗಿದ ಹಾಗೆ. ಮೆಲ್ಲಗೆ ಅಗಲವಾಯಿತು. ಟರ್ನರ್ ಅಣ್ಣ ದಂಡನ್ನು ಬೆಂಚಿನ ಮೇಲೆ ಇಟ್ಟು, “ಇದರಲ್ಲಿ ಆಗುಂಬೆಗೆ ಹೊರಟಿದ್ದಿರಾ?” ಅಂತ ಮಾತ್ರ ಕೇಳಿದರು.

ಬಿರುಕು ಅಲ್ಲೇ ಯಾಕೆ? ಆ ಕಚ್ಚಿನ ಮೂಲೆ ಚೂಪಾಗಿರುತ್ತದೆ. ತಿರುಚುವ ಬಲ, ಬಗ್ಗಿಸುವ ಬಲ ಎರಡೂ ಆ ಚೂಪು ಮೂಲೆಯಲ್ಲಿ ಸೇರುತ್ತವೆ. ಟೇಪರ್ ಸ್ವಲ್ಪ ಸಡಿಲವಾದರೂ ಕೀ ಮೇಲೆ ಭಾರ ಬೀಳುತ್ತದೆ. ಚಕ್ರ ಒಂದು ಸುತ್ತು ತಿರುಗಿದರೆ ಒಂದು ಸಲ ದಂಡು ಬಗ್ಗಿ ನೆಟ್ಟಗಾಗುತ್ತದೆ. ಲಕ್ಷ ಲಕ್ಷ ಸುತ್ತು. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಲೆಕ್ಕ.

ಎಷ್ಟು ಗಟ್ಟಿ ಬೇಕು? ಒಂದು ಕೈಲೆಕ್ಕ

ಟಿಆರ್6 ಇಂಜೆಕ್ಷನ್ ಎಂಜಿನ್ 2498 ಸಿಸಿ, ಮೊದಲಿನ ಮಾದರಿಗೆ 150 ಅಶ್ವಶಕ್ತಿ ಅಂತ ಹೇಳುತ್ತಿದ್ದರು. ಟಾರ್ಕ್ ಸುಮಾರು 220 ನ್ಯೂಟನ್ ಮೀಟರ್. ಮೊದಲ ಗೇರ್ 3.14, ಡಿಫರೆನ್ಶಿಯಲ್ 3.45. ಮೂರನ್ನೂ ಗುಣಿಸಿದರೆ 2,380ರ ಹತ್ತಿರ ಬರುತ್ತದೆ. ಎರಡು ಶಾಫ್ಟಿಗೆ ಹಂಚಿದರೆ ಒಂದಕ್ಕೆ ಸುಮಾರು 1,190 ನ್ಯೂಟನ್ ಮೀಟರ್.

ಈಗ ಟೈರಿನ ಕಡೆಯಿಂದ ನೋಡಿ. ಕಾರಿನ ತೂಕ ಸುಮಾರು 1,100 ಕೆಜಿ, ಒಂದು ಹಿಂದಿನ ಚಕ್ರದ ಮೇಲೆ 275 ಕೆಜಿ ಅಂತ ಇಟ್ಟುಕೊಳ್ಳಿ. ಒಣ ರಸ್ತೆಯಲ್ಲಿ ಹಿಡಿತ 0.9, ಚಕ್ರದ ತ್ರಿಜ್ಯ 0.32 ಮೀಟರ್. ಲೆಕ್ಕ ಹಾಕಿದರೆ 780ರ ಹತ್ತಿರ ನಿಲ್ಲುತ್ತದೆ. ಭಾರ ಹಿಂದಕ್ಕೆ ಸರಿದಾಗ ಇನ್ನಷ್ಟು ಜಾಸ್ತಿ. ಅಂದರೆ ಎಂಜಿನ್ ಪೂರ್ತಿ ಶಕ್ತಿ ಕೊಡುವ ಮೊದಲೇ ಟೈರ್ ಜಾರುತ್ತದೆ. ಟೈರೇ ಇಲ್ಲಿ ಫ್ಯೂಸ್.

ಇದರಿಂದ ತಿಳಿಯುವುದು ಇಷ್ಟು. ಎಂಜಿನ್ ಶಕ್ತಿ ಹೆಚ್ಚಿಸದಿದ್ದರೂ, ಅಗಲದ, ಅಂಟು ಜಾಸ್ತಿ ಇರುವ ಟೈರ್ ಹಾಕಿದ ದಿನವೇ ಫ್ಯೂಸ್ ಬದಲಾಯಿಸಿದ ಹಾಗೆ. ಹೊರಕ್ಕೆ ಚಾಚುವ ಅಗಲದ ರಿಮ್ ಹಾಕಿದರೆ ಸ್ಟಬ್ ಆಕ್ಸಲ್ ಬಗ್ಗುವ ಬಲವೂ ಏರುತ್ತದೆ. ಹಳೆಯ ಅಗಲದ ಟೈರ್, ಸಮಾಧಾನದ ಓಡಾಟ, ತಿಂಗಳಿಗೊಮ್ಮೆ ಮಲ್ಪೆ ಬೀಚು ಅಂತಾದರೆ ಹೊಸ ಸ್ಟಬ್ ಆಕ್ಸಲ್ ಇರುವ ಮೂಲ ಅಳತೆಯ ಹಬ್, ಒಳ್ಳೆಯ ಕ್ರಾಸ್ ಇಷ್ಟೇ ಸಾಕು. ಘಾಟಿ, ರ‍್ಯಾಲಿ, ಅಗಲದ ಟೈರ್ ಅಂತಾದರೆ ದಪ್ಪ ಹಬ್ಬಿಗೆ ಹೋಗಿ.

ಹಬ್ ಆರಿಸುವುದು

ಮಾರುಕಟ್ಟೆಯಲ್ಲಿ ಮೂರು ಥರ ಸಿಗುತ್ತದೆ.

ಒಂದು, ‘ರೀಕಂಡೀಷನ್’ ಹಬ್. ಹೊಸ ಬೇರಿಂಗ್, ಹೊಸ ಸೀಲ್, ಬಣ್ಣ. ಒಳಗೆ ಅದೇ 50 ವರ್ಷದ ದಂಡು. ಬಿರುಕು ಪರೀಕ್ಷೆ ಮಾಡಿದ ಕಾಗದ ಕೊಡದಿದ್ದರೆ ನಾನಾದರೆ ಮುಟ್ಟುವುದಿಲ್ಲ.

ಎರಡು, ಮೂಲ ಅಳತೆಯಲ್ಲೇ ಹೊಸ ದಂಡು, ಹೊಸ ಫ್ಲಾಂಜ್. ಹಳೆಯ ಶಾಫ್ಟ್ ಹಾಗೆಯೇ ಜೋಡಿಸಬಹುದು. ಬಜೆಟ್ ಕಮ್ಮಿ ಇದ್ದವರಿಗೆ ಇದೇ ಸರಿ. ನನ್ನ ಕಾರಿನಲ್ಲಿ ಈಗ ಇರುವುದೂ ಇದೇ.

ಮೂರು, ವಿನ್ಯಾಸವನ್ನೇ ಬದಲಿಸಿದ ದಪ್ಪ ಹಬ್. ಹೆಚ್ಚಾಗಿ ಸಿವಿ ಶಾಫ್ಟಿನ ಜೊತೆಗೆ ಸೆಟ್ಟಾಗಿ ಬರುತ್ತದೆ. ಕೆಲವದರಲ್ಲಿ ಟೇಪರ್, ಕೀ ಎರಡೂ ಇಲ್ಲ, ಸ್ಪ್ಲೈನ್ ಮೇಲೆ ಫ್ಲಾಂಜ್ ಕೂರುತ್ತದೆ. ಚೂಪು ಮೂಲೆಯೇ ಇಲ್ಲದ ಮೇಲೆ ಬಿರುಕಿಗೆ ಜಾಗ ಕಮ್ಮಿ.

ಮಾರುವವರಿಗೆ ಮೇಲ್ ಬರೆದು ಕೇಳಿ. ದಂಡು ಯಾವ ಉಕ್ಕು? ಇಎನ್24 ಅಂದರೆ ನಿಕ್ಕಲ್, ಕ್ರೋಮ್, ಮಾಲಿಬ್ಡಿನಂ ಇರುವ ಉಕ್ಕು. ‘ಟಿ’ ಹದದಲ್ಲಿ ಅದು 850ರಿಂದ 1,000 ಮೆಗಾಪಾಸ್ಕಲ್ ಎಳೆತ ತಡೆಯುತ್ತದೆ. ಮಾಮೂಲಿ ಇಎನ್8 ನಾರ್ಮಲೈಸ್ ಮಾಡಿದ್ದು 550ರ ಆಸುಪಾಸು. ಕೇಳಿದ್ದಕ್ಕೆ “ಹೈ ಸ್ಟ್ರೆಂತ್ ಸ್ಟೀಲ್ ಸರ್” ಅಂತ ಮಾತ್ರ ಉತ್ತರ ಬಂದರೆ ಮುಂದಿನವರನ್ನು ನೋಡಿ. ದಂಡಿನ ದಪ್ಪ ಬದಲಾಗುವ ಜಾಗದಲ್ಲಿ ಮೂಲೆ ಉರುಟಾಗಿದೆಯೇ? ಬೇರಿಂಗ್ ಯಾವ ನಂಬರ್, ನಮ್ಮ ಪೇಟೆಯ ಬೇರಿಂಗ್ ಅಂಗಡಿಯಲ್ಲಿ ಸಿಗುವಂಥದ್ದೇ? ಇದು ಸಣ್ಣ ಪ್ರಶ್ನೆ ಅಲ್ಲ. ಐದು ವರ್ಷದ ಮೇಲೆ ಬೇರಿಂಗ್ ಹೋದಾಗ ಅದೊಂದಕ್ಕಾಗಿ ಇಂಗ್ಲೆಂಡಿಗೆ ಪತ್ರ ಬರೆಯುವ ಹಾಗಾಗಬಾರದು.

ಚಕ್ರದ ಸ್ಟಡ್ಡು ಕೂಡ ಕೇಳಿ. ಟಿಆರ್6ಗೆ ನಾಲ್ಕು ಸ್ಟಡ್, 114.3 ಮಿಮೀ ವೃತ್ತ. ಹೆರಾಲ್ಡ್, ಸ್ಪಿಟ್‌ಫೈರ್‌ಗೆ 95.25. ಕೆಲವು ಹೊಸ ಹಬ್ಬಿಗೆ ಮೆಟ್ರಿಕ್ ಸ್ಟಡ್ ಹಾಕಿರುತ್ತಾರೆ. ಹಿಂದೆ ಮೆಟ್ರಿಕ್, ಮುಂದೆ ಇಂಚು ಅಂತಾದರೆ ರಾತ್ರಿ ಮಳೆಯಲ್ಲಿ ಪಂಕ್ಚರ್ ಆದಾಗ ನಟ್ಟು ಅದಲು ಬದಲಾಗುತ್ತದೆ. ಕಡ್ಡಿ ಚಕ್ರ ಇದ್ದವರಿಗೆ ಗಿಡ್ಡ ಸ್ಟಡ್ ಬೇಕು, ಮೊದಲೇ ಹೇಳಿ.

ಊರಿನ ಲೇತಿನಲ್ಲಿ ಮಾಡಿಸಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬೋಟಿನ ಶಾಫ್ಟ್ ಕಡೆಯುವ ಕೈಗಳು ನಮ್ಮ ಮಲ್ಪೆ, ಬಂದರು ಕಡೆ ಬೇಕಾದಷ್ಟು ಉಂಟು. ಕಡೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ತೊಂದರೆ ಇರುವುದು ಹದ ಕೊಡುವುದರಲ್ಲಿ. ಸರಿಯಾದ ಉಕ್ಕಿನ ಸರ್ಟಿಫಿಕೇಟ್, ಸರಿಯಾದ ಹೀಟ್ ಟ್ರೀಟ್‌ಮೆಂಟ್, ಆಮೇಲೆ ಗ್ರೈಂಡಿಂಗ್ ಮೂರೂ ಆಗದಿದ್ದರೆ ಚಂದದ ದಂಡು ಸಿಗುತ್ತದೆ, ನಂಬುವ ದಂಡು ಸಿಗುವುದಿಲ್ಲ. ಇಡೀ ದಂಡನ್ನು ಗಾಜಿನ ಹಾಗೆ ಗಡುಸು ಮಾಡಿದರೂ ಅಪಾಯವೇ, ಏಟಿಗೆ ಒಡೆಯುತ್ತದೆ. ಪುಲ್ಲರ್, ಸ್ಪೇಸರ್, ಸ್ಟ್ಯಾಂಡ್ ಊರಲ್ಲಿ ಮಾಡಿಸಿ. ಸ್ಟಬ್ ಆಕ್ಸಲ್ ಬೇಡ.

ಶಾಫ್ಟ್: ಕ್ರಾಸ್ ಬೇಕೋ, ಸಿವಿ ಬೇಕೋ

ಸಿವಿ ಜಾಯಿಂಟ್ ನಮಗೆ ಹೊಸತಲ್ಲ. 1983ರಲ್ಲಿ ಮಾರುತಿ 800 ಬಂದಾಗಿನಿಂದ ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಕಟ ಕಟ ಅನ್ನುವುದು ಎಂತದು ಅಂತ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ಒಳಗೆ ಆರು ಉಕ್ಕಿನ ಗುಂಡು, ಓರೆಯಾಗಿ ನಿಂತರೂ ಒಂದೇ ವೇಗದಲ್ಲಿ ತಿರುಗಿಸುತ್ತವೆ.

ಕ್ರಾಸ್ ಹಾಗಲ್ಲ. ಓರೆಯಾದಾಗ ಒಂದು ಸುತ್ತಿನಲ್ಲಿ ಎರಡು ಸಲ ವೇಗ ಏರುತ್ತದೆ, ಎರಡು ಸಲ ಇಳಿಯುತ್ತದೆ. 10 ಡಿಗ್ರಿ ಓರೆಗೆ ಏರಿಳಿತ ಸುಮಾರು ಶೇ. 1.5, 20 ಡಿಗ್ರಿಗೆ ಶೇ. 6. ಎರಡು ಕ್ರಾಸ್ ಒಂದೇ ಓರೆಯಲ್ಲಿ, ಒಂದಕ್ಕೊಂದು ಸರಿಯಾಗಿ ಹೊಂದಿ ನಿಂತಿದ್ದರೆ ಒಂದರ ತಪ್ಪನ್ನು ಇನ್ನೊಂದು ಅಳಿಸುತ್ತದೆ. ಅದಕ್ಕೇ ಸ್ಪ್ಲೈನ್ ಬಿಚ್ಚುವ ಮೊದಲು ಎರಡೂ ತುಂಡಿನ ಮೇಲೆ ಪೇಂಟಿನಿಂದ ಗುರುತು ಹಾಕಿ. ಒಂದು ಹಲ್ಲು ಆಚೀಚೆ ಕೂರಿಸಿದರೂ ನಡುಗುವುದು ಶುರು. ಜನ ಆಗ ಟೈರ್ ಬ್ಯಾಲೆನ್ಸ್ ಮಾಡಿಸುತ್ತಾ ತಿರುಗುತ್ತಾರೆ.

ಸಿವಿ ಹಾಕಿದರೆ ಈ ನಡುಕವೂ ಇಲ್ಲ, ಸ್ಪ್ಲೈನ್ ಕಚ್ಚುವ ಕಾಟವೂ ಇಲ್ಲ. ಒಳಗಿನ ಜಾಯಿಂಟ್ ತಾನೇ ಒಳಗೆ ಹೊರಗೆ ಜಾರುತ್ತದೆ. ಬಾಲ ಅಲ್ಲಾಡುವುದು ನಿಲ್ಲುತ್ತದೆ. ಆದರೆ ಸಿವಿಯ ಜೀವ ಇರುವುದು ರಬ್ಬರ್ ಬೂಟಿನಲ್ಲಿ. ವರ್ಷದಲ್ಲಿ ನಾಲ್ಕು ತಿಂಗಳು ನಿಂತೇ ಇರುವ ಕಾರಿನಲ್ಲಿ ರಬ್ಬರ್ ಒಂದೇ ಮಡಿಕೆಯಲ್ಲಿ ನಿಂತು ಸೀಳುತ್ತದೆ. ಸೀಳಿದ ಬೂಟಿಗೆ ಕರಾವಳಿಯ ಮರಳು, ಉಪ್ಪಿನ ನೀರು ಹೋದರೆ ಆ ಜಾಯಿಂಟ್ ಕೆಲವೇ ವಾರದ ಅತಿಥಿ. ಕ್ರಾಸ್ ಕೆಟ್ಟರೆ ಮೊದಲು ಕಿರುಗುಟ್ಟುತ್ತದೆ, ಆಟ ಕೊಡುತ್ತದೆ, ತಿಂಗಳುಗಟ್ಟಲೆ ಎಚ್ಚರಿಕೆ ಕೊಡುತ್ತದೆ. ಅದೂ ಅಲ್ಲದೆ ಪೇಟೆಯಲ್ಲಿ ಬದಲಿ ಹುಡುಕಬಹುದು.

ಸಿವಿಗೆ ಹೋಗುವವರು ಬೂಟ್ ಬಿಡಿಯಾಗಿ ಸಿಗುತ್ತದೆಯೇ ಕೇಳಿ, ಒಂದು ಜೊತೆ ಹೆಚ್ಚಿಗೆ ತರಿಸಿ ಇಡಿ. ಗ್ರೀಸ್ ಮಾಲಿಬ್ಡಿನಂ ಇರುವಂಥದ್ದೇ ಬೇಕು, ಚಕ್ರದ ಬೇರಿಂಗಿನ ಗ್ರೀಸ್ ತುಂಬಬೇಡಿ. ಜಾಯಿಂಟ್ ಯಾವ ಅಳತೆಯದು ಅಂತ ತಿಳಿದಿಟ್ಟುಕೊಳ್ಳಿ. ಫೋಕ್ಸ್‌ವ್ಯಾಗನ್ ಟೈಪ್ 2ರ 100 ಮಿಮೀ ಜಾಯಿಂಟಿನಂಥ ಚಾಲ್ತಿಯ ಅಳತೆಯಾದರೆ ಮುಂದೆಯೂ ಬದಲಿ ಸಿಗುತ್ತದೆ.

ಕ್ರಾಸಿನಲ್ಲೇ ಉಳಿಯುವವರಿಗೆ ಗ್ರೀಸ್ ತುಂಬುವ ನಿಪ್ಪಲ್ ಇರುವುದೋ ಇಲ್ಲದ್ದೋ ಅಂತ ಒಂದು ಜಗಳ ಉಂಟು. ನಿಪ್ಪಲ್ಲಿಗಾಗಿ ತೂತು ಕೊರೆದ ಕ್ರಾಸ್ ಸ್ವಲ್ಪ ದುರ್ಬಲ, ನಿಜ. ಆದರೂ ನಮ್ಮ ಮಳೆಗೆ ನಾನು ನಿಪ್ಪಲ್ ಇರುವುದನ್ನೇ ಹಾಕುತ್ತೇನೆ. ಹಳೆಯ ಗ್ರೀಸನ್ನೂ ನೀರನ್ನೂ ಹೊರಗೆ ತಳ್ಳುವ ದಾರಿ ಅದೊಂದೇ. ಜಾರುವ ಸ್ಪ್ಲೈನಿಗೆ ನೈಲಾನ್ ಲೇಪ ಇರುವ ಶಾಫ್ಟ್ ಸಿಕ್ಕಿದರೆ ಅರ್ಧ ಸಿವಿ ಸುಖ ಅಲ್ಲೇ ಸಿಗುತ್ತದೆ.

ಅಳತೆ ತೆಗೆಯದೆ ಆರ್ಡರ್ ಬೇಡ

ಸ್ಪ್ರಿಂಗ್ ತೆಗೆದು, ಚಕ್ರ ಹಿಡಿದ ತೋಳಾದ ಟ್ರೇಲಿಂಗ್ ಆರ್ಮ್ ಅಡಿಗೆ ಜಾಕ್ ಕೊಟ್ಟು, ಮೂರು ಜಾಗದಲ್ಲಿ ನಿಲ್ಲಿಸಿ: ಪೂರ್ತಿ ಕೆಳಗೆ, ಓಡುವ ಎತ್ತರದಲ್ಲಿ, ಪೂರ್ತಿ ಮೇಲೆ. ಪ್ರತಿ ಸಲವೂ ಡಿಫರೆನ್ಶಿಯಲ್ ಫ್ಲಾಂಜಿನಿಂದ ಹಬ್ಬಿನ ಕಡೆಯ ಮುಖದವರೆಗೆ ಅಳೆಯಿರಿ, ಬರೆದಿಡಿ. ಅತಿ ಕಮ್ಮಿ ಅಳತೆಯಲ್ಲಿ ಶಾಫ್ಟ್ ಪೂರ್ತಿ ಒಳಗೆ ಹೋಗಿ ಗುದ್ದಬಾರದು, ಅತಿ ಜಾಸ್ತಿಯಲ್ಲಿ ಕಳಚಿಕೊಳ್ಳುವಷ್ಟು ಹೊರಗೆ ಬರಬಾರದು. ಎರಡೂ ಕಡೆ ಅಳೆಯಿರಿ. ಹಳೆಯ ಕಾರಿನಲ್ಲಿ ಎಡ ಬಲ ಒಂದೇ ಇರಬೇಕು ಅಂತ ಎಲ್ಲಿಯೂ ಬರೆದಿಲ್ಲ. ನನ್ನದರಲ್ಲಿ 4 ಮಿಮೀ ವ್ಯತ್ಯಾಸ ಬಂತು. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಕಾರಾದರೆ ಈ ಹೆಜ್ಜೆ ಬಿಡಲೇಬೇಡಿ.

ಕಿಟ್ ಕೂರಿಸಲು ಚಾಸಿ ಕತ್ತರಿಸಬೇಕು, ವೆಲ್ಡ್ ಮಾಡಬೇಕು ಅಂದರೆ ಆ ಕಿಟ್ ಬೇಡ. 50 ವರ್ಷ ದಾಟಿದ ಕಾರಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ಕಾರಿನ ‘ವಿಎ’ ನಂಬರ್ ಮಾಡಿಸುವ ಮನಸ್ಸಿದ್ದರೆ ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕಿದರೆ ಮುಗಿಯುವ ಕಿಟ್ಟೇ ಆರಿಸಿ.

ಬೆಲೆ ನೋಡುವಾಗ ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಎಲ್ಲ ಕೂಡಿಸಿ ನೋಡಿ. ಎರಡು ಹಬ್, ಎರಡು ಶಾಫ್ಟ್ ಅಂದರೆ ಎತ್ತಲಾರದ ಪೆಟ್ಟಿಗೆ. ಪರಿಚಯದ ಯಾರಾದರೂ ವಿದೇಶದಿಂದ ಬರುವಾಗ ಬ್ಯಾಗಿನಲ್ಲಿ ತರುವ ಸಾಮಾನಲ್ಲ ಇದು.

ಜೋಡಿಸುವಾಗ ಜನ ಎಡವುವ ಜಾಗಗಳು

ಹಬ್ಬಿನ ಹೌಸಿಂಗ್ ಅನ್ನು ಅಲ್ಯುಮಿನಿಯಂ ಟ್ರೇಲಿಂಗ್ ಆರ್ಮಿಗೆ ಆರು ಸ್ಟಡ್ ಹಿಡಿಯುತ್ತವೆ. ಅಳತೆ 5/16 ಇಂಚು, ಅಂದರೆ 7.94 ಮಿಮೀ. ನಮ್ಮ ಹಾರ್ಡ್‌ವೇರ್ ಅಂಗಡಿಯ ಎಂ8 ಬೋಲ್ಟ್ 8 ಮಿಮೀ. ಕಣ್ಣಿಗೆ ಎರಡೂ ಒಂದೇ. ಹಲ್ಲಿನ ಅಂತರ ಮಾತ್ರ ಬೇರೆ. ಹಿಂದೊಮ್ಮೆ ಯಾರೋ ಪುಣ್ಯಾತ್ಮರು ನನ್ನ ಕಾರಿನ ಒಂದು ತೂತಿಗೆ ಎಂ8 ಅನ್ನು ಬಲವಂತದಿಂದ ತಿರುಗಿಸಿ ಕೂರಿಸಿದ್ದರು. ಬಿಚ್ಚುವಾಗ ಅಲ್ಯುಮಿನಿಯಂ ಹಲ್ಲೆಲ್ಲ ಬೋಲ್ಟಿನ ಜೊತೆಗೇ ಸುರುಳಿಯಾಗಿ ಬಂತು. ಹೆಲಿಕಾಯಿಲ್ ಎಂಬ ಹೊಸ ಹಲ್ಲಿನ ಸುರುಳಿ ಹಾಕಿಸಿ ಸರಿ ಮಾಡಿದೆ. ಉಪ್ಪು ಗಾಳಿಗೆ ಉಕ್ಕು, ಅಲ್ಯುಮಿನಿಯಂ ಸೇರಿದ ಕಡೆ ಬೇಗ ತಿನ್ನುತ್ತದೆ. ಹಾಗಾಗಿ ಹಬ್ ಬಿಚ್ಚಿದಾಗ ಆರೂ ತೂತು ಪರೀಕ್ಷಿಸಿ, ಗಟ್ಟಿ ಹಬ್ಬನ್ನು ಸಡಿಲ ತೂತಿಗೆ ಕಟ್ಟಬೇಡಿ.

ಟೇಪರ್ ಇರುವ ಹಬ್ ಆದರೆ, ತಾಗಿದ ಜಾಗ ತೋರಿಸುವ ನೀಲಿ ಪೇಸ್ಟ್ ತೆಳ್ಳಗೆ ಸವರಿ, ಫ್ಲಾಂಜ್ ಒಮ್ಮೆ ಕೂರಿಸಿ ತೆಗೆದು ನೋಡಿ. ಮುಕ್ಕಾಲು ಪಾಲಿಗಿಂತ ಕಮ್ಮಿ ಜಾಗದಲ್ಲಿ ನೀಲಿ ತಾಗಿದ್ದರೆ ಆ ಜೋಡಿ ವಾಪಸ್ ಕಳಿಸಿ. ಟೇಪರಿಗೆ ಗ್ರೀಸ್ ಹಚ್ಚಬೇಡಿ, ಒರೆಸಿ ಒಣಗಿಸಿ ಕೂರಿಸಿ. ಒಮ್ಮೆ ಕುಗ್ಗಿದ ಸ್ಪೇಸರ್ ಮತ್ತೆ ಬಳಸಬೇಡಿ, ನೈಲಾನ್ ನಟ್ಟನ್ನೂ ಅಷ್ಟೇ. ಬೇರಿಂಗ್ ಆಟವನ್ನು ಡಯಲ್ ಗೇಜಿನಿಂದ ನೋಡಿ. ನಟ್ಟಿನ ಬಿಗಿತ ಕಿಟ್ಟಿನವರು ಹೇಳಿದಷ್ಟೇ ಇರಲಿ. ಅವರು ಪೌಂಡ್-ಅಡಿಯಲ್ಲಿ ಬರೆದಿದ್ದರೆ 1.356ರಿಂದ ಗುಣಿಸಿದರೆ ನ್ಯೂಟನ್ ಮೀಟರ್ ಆಗುತ್ತದೆ. “ಕೈ ಅಂದಾಜು ಉಂಟು ಸರ್” ಅನ್ನುವವರ ಕೈಗೆ ಈ ಒಂದು ನಟ್ಟು ಕೊಡಬೇಡಿ. ಬಿಗಿದ ಮೇಲೆ ನಟ್ಟಿಗೂ ದಂಡಿಗೂ ಸೇರಿಸಿ ಪೇಂಟಿನ ಒಂದು ಗೆರೆ ಎಳೆಯಿರಿ.

ಮೊದಲ ಓಟ ಘಾಟಿಗೆ ಬೇಡ. ಹೆದ್ದಾರಿಯಲ್ಲಿ ಉಡುಪಿಯಿಂದ ಮಂಗಳೂರು ಕಡೆಗೆ ಒಂದು 20 ಕಿಮೀ ಸಮನಾಗಿ ಓಡಿಸಿ. ಬ್ರೇಕ್ ಜಾಸ್ತಿ ಒತ್ತದೆ ತಾನಾಗಿ ನಿಲ್ಲಲು ಬಿಡಿ, ಆಮೇಲೆ ಎರಡೂ ಹಬ್ಬನ್ನು ಕೈಯಿಂದ ಮುಟ್ಟಿ ನೋಡಿ. ಒಂದು ಬೆಚ್ಚಗೆ, ಇನ್ನೊಂದು ಕೈ ಇಡಲಾರದಷ್ಟು ಬಿಸಿ ಅಂತಾದರೆ ಬೇರಿಂಗ್ ಬಿಗಿಯಾಗಿದೆ. ಬ್ರೇಕ್ ಒತ್ತಿ ನಿಲ್ಲಿಸಿದರೆ ಡ್ರಮ್ಮಿನ ಬಿಸಿ ಯಾವುದು, ಬೇರಿಂಗಿನದು ಯಾವುದು ಗೊತ್ತಾಗುವುದಿಲ್ಲ. 300 ಕಿಮೀ ಆದ ಮೇಲೆ ಡ್ರಮ್ ತೆಗೆದು ಪೇಂಟಿನ ಗೆರೆ ನೋಡಿ. ಗೆರೆ ಮುರಿದಿದ್ದರೆ ನಟ್ಟು ಕದಲಿದೆ, ಬರೀ ಮತ್ತೆ ಬಿಗಿದು ಸುಮ್ಮನಾಗಬೇಡಿ, ಬಿಚ್ಚಿ ಟೇಪರ್ ನೋಡಿ. ಇದೆಲ್ಲ ಸರಿ ಇದ್ದರೆ ಸೋಮೇಶ್ವರದಿಂದ ಮೇಲಿನ 14 ತಿರುವು ನಿಮ್ಮದು.

ತೆಗೆದ ಹಳೆಯ ಶಾಫ್ಟು, ಹಬ್ಬುಗಳನ್ನು ಗುಜರಿಗೆ ಹಾಕಬೇಡಿ. ನಾಳೆ ಕಾರು ಮಾರುವಾಗ ಮೂಲ ಸಾಮಾನು ಎಲ್ಲಿ ಅಂತ ಮೊದಲು ಕೇಳುತ್ತಾರೆ. ಗ್ರೀಸ್ ಬಳಿದು, ಹಳೆಯ ಪೇಪರಿನಲ್ಲಿ ಸುತ್ತಿ, ಎಡ ಯಾವುದು ಬಲ ಯಾವುದು ಅಂತ ಬರೆದು ಅಟ್ಟಕ್ಕೆ ಹಾಕಿ. ಬಿರುಕು ಬಿಟ್ಟ ದಂಡು ಇದ್ದರೆ ಅದಕ್ಕೆ ಮಾತ್ರ ಕೆಂಪು ಪೇಂಟ್ ಹಚ್ಚಿ ಬೇರೆಯೇ ಇಡಿ, ಮುಂದೆ ಯಾರೂ ಅದನ್ನು ಒಳ್ಳೆಯದು ಅಂತ ತಿಳಿದು ಕಾರಿಗೆ ಹಾಕಬಾರದು. ನನ್ನದು ಶೆಡ್ಡಿನ ಬಾಗಿಲಿಗೆ ಅಡ್ಡ ಇಡುವ ಕಲ್ಲಿನ ಬದಲು ಕೆಲಸ ಮಾಡುತ್ತಿದೆ.